ಪ್ಲಸ್ ಮೇಜ್‌ನಲ್ಲಿ ತೆರೆದ ತೋಳಿಗೆ ಹೆಚ್ಚು ಹೋದರೆ ಆತಂಕ ಕಡಿಮೆ ಎಂದೇ ಅರ್ಥವೇ?

ಪ್ರಶ್ನೆ (ಬಿಳಿಬಾಲ):
ಸಿ57ಬಿಎಲ್/6 ತಳಿಯ ನಾಕ್‌ಔಟ್ ಇಲಿಗಳು (ಒಂದು ಜೀನ್ ಕೆಲಸ ಮಾಡದಂತೆ ಮಾಡಿದವು), ಜೊತೆಗೆ ಅದೇ ಸೂಲಿನ ವೈಲ್ಡ್‌ಟೈಪ್‌ಗಳು (ಆ ಜೀನ್ ಸರಿಯಿರುವವು). ಎತ್ತರದ ಪ್ಲಸ್ ಮೇಜ್‌ನಲ್ಲಿ (ನೆಲದಿಂದ ಮೇಲೆತ್ತಿದ + ಆಕಾರದ ಹಾದಿ, ಎರಡು ತೋಳಿಗೆ ಗೋಡೆಯಿದೆ, ಎರಡು ತೆರೆದಿವೆ) 5 ನಿಮಿಷ ಬಿಟ್ಟರೆ ನಾಕ್‌ಔಟ್‌ಗಳು ತೆರೆದ ತೋಳಿನಲ್ಲಿ ಹೆಚ್ಚು ಹೊತ್ತು ಇರುತ್ತವೆ. ಓಪನ್ ಫೀಲ್ಡ್‌ನಲ್ಲಿ (ಸುತ್ತ ಗೋಡೆಯಿರುವ ಖಾಲಿ ಅಂಕಣ) ಮಾತ್ರ ನಡುಭಾಗದಲ್ಲಿ ಕಳೆದ ಸಮಯ ಎರಡೂ ಗುಂಪಿನದು ಹೆಚ್ಚುಕಮ್ಮಿ ಒಂದೇ, ಓಡಿದ ದೂರ ನಾಕ್‌ಔಟ್‌ಗಳದು ಜಾಸ್ತಿ. 'ಆತಂಕ ಕಡಿಮೆ' ಎಂದು ಬರೆಯಬಹುದೇ? ಇವೇ ಇಲಿಗಳಿಗೆ ಆತಂಕ ಇಳಿಸುವ ಔಷಧಿ ಡಯಾಜೆಪಾಮ್ ಕೊಟ್ಟು ಇನ್ನೊಮ್ಮೆ ಮೇಜ್‌ಗೆ ಬಿಡೋಣವೆಂದಿದ್ದೇನೆ.

ಉತ್ತರ (ಸುಂಡಿಲಿ):
ಈಗಲೇ ಬರೆಯಬೇಡಿ. ಮೊದಲು ಮುಚ್ಚಿದ ತೋಳಿಗೆ ಎಷ್ಟು ಸಲ ಹೋಗಿವೆ ಎಣಿಸಿ. ಓಡಾಟದ ಅಳತೆ ಅದು. ವೈಲ್ಡ್‌ಟೈಪ್ 5 ಸಲ ತೆರೆದದ್ದಕ್ಕೆ, 15 ಸಲ ಮುಚ್ಚಿದ್ದಕ್ಕೆ ಹೋಯಿತು, ನಾಕ್‌ಔಟ್ 10 ಮತ್ತು 30 ಸಲ ಎಂದಿಟ್ಟುಕೊಳ್ಳಿ. ಎರಡರಲ್ಲೂ ತೆರೆದದ್ದರ ಪಾಲು ಶೇ. 25. ಅಲ್ಲಿ ಬದಲಾದದ್ದು ಕಾಲಿನ ಚುರುಕು, ಭಯವಲ್ಲ. ನಾಲ್ಕೂ ಪಾದ ಒಳಗಿದ್ದರಷ್ಟೇ ಪ್ರವೇಶ ಎಂದು ಎಣಿಸಬೇಕು.

ವಿಡಿಯೊವನ್ನು ಕಣ್ಣಾರೆ ನೋಡಿ. ತೆರೆದ ತೋಳಿನಲ್ಲಿ ಮರಗಟ್ಟಿ ಕೂತ ಇಲಿಯನ್ನೂ ಸಾಫ್ಟ್‌ವೇರ್ 'ಧೈರ್ಯವಂತ' ಎಂದೇ ಲೆಕ್ಕ ಹಾಕುತ್ತದೆ! ಅಂಚಿನಿಂದ ತಲೆ ಬಗ್ಗಿಸಿ ಕೆಳಗೆ ನೋಡುವುದು, ಹಿಂಗಾಲು ಊರಿಕೊಂಡೇ ಮೈ ಚಾಚಿ ಮೂಸಿ ಹಿಂದೆ ಸರಿಯುವುದು, ಇವನ್ನೂ ಎಣಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ.

ಉತ್ತರ (ಲಕ್ಸ್‌ಮೀಟರ್):
ಎರಡನೇ ಸಲ ಬಿಡುವ ಯೋಚನೆ ಕೈಬಿಡಿ. ಒಮ್ಮೆ ಮೇಜ್ ಕಂಡ ಇಲಿಯಲ್ಲಿ ಡಯಾಜೆಪಾಮ್‌ನಂಥ ಬೆಂಜೊಡಯಜೆಪೀನ್‌ಗಳ ಆತಂಕ ಇಳಿಸುವ ಪರಿಣಾಮ ಬಹುಪಾಲು ಕಾಣುವುದೇ ಇಲ್ಲ. ಮೇಜ್ ನೋಡದ ಹೊಸ ಗುಂಪು ಬೇಕು: ಕೆ.ಜಿ. ತೂಕಕ್ಕೆ 1ರಿಂದ 2 ಮಿ.ಗ್ರಾಂ., ಹೊಟ್ಟೆಯೊಳಗೆ ಚುಚ್ಚುಮದ್ದು, 30 ನಿಮಿಷದ ನಂತರ ಪರೀಕ್ಷೆ. ಔಷಧಿಯಿಲ್ಲದ ದ್ರಾವಣ ಕೊಟ್ಟ ಗುಂಪೂ ಇರಲಿ. ಮುಚ್ಚಿದ ತೋಳಿನ ಪ್ರವೇಶವೂ ಕುಸಿದರೆ ಅದು ಮಂಪರು.

ಈಗಿರುವ ಇಲಿಗಳಿಗೆ ಬೆಳಕು-ಕತ್ತಲೆ ಪೆಟ್ಟಿಗೆ (ಒಂದು ಭಾಗ ಬೆಳಕು, ಇನ್ನೊಂದು ಕತ್ತಲೆ, ನಡುವೆ ದಾಟುವ ಬಾಗಿಲು) ಸಾಕು. ಅಲ್ಲೂ ದಾಟಿದ ಸಲಗಳನ್ನಷ್ಟೇ ನಂಬಬೇಡಿ, ಚುರುಕು ಇಲಿ ಹೇಗೂ ಹೆಚ್ಚು ದಾಟುತ್ತದೆ. ಬೆಳಕಿನಲ್ಲಿ ಕಳೆದ ಸಮಯ ನೋಡಿ.

ಉತ್ತರ (ಬೋನು):
ಕೋಣೆಯ ಕಡೆಗೂ ಗಮನವಿರಲಿ. ತೆರೆದ ತೋಳುಗಳೆರಡರ ಮೇಲೂ ಬೆಳಕು ಸಮನಾಗಿ ಬೀಳುತ್ತದೆಯೇ ಅಳೆಯಿರಿ. ಬೆಳಕು ತೀರಾ ಹೆಚ್ಚಿದ್ದರೆ ವೈಲ್ಡ್‌ಟೈಪ್‌ಗಳು ತೆರೆದ ಕಡೆ ಕಾಲೇ ಇಡುವುದಿಲ್ಲ. ಆಗ ಆತಂಕ ಹೆಚ್ಚಿಸುವ ಪರಿಣಾಮ ಅಳೆಯಲು ಜಾಗವೇ ಉಳಿಯದು. ಶೇ. 70 ಆಲ್ಕೊಹಾಲ್‌ನಿಂದ ಒರೆಸಿದ ಮೇಲೆ ವಾಸನೆ ಆರುವ ತನಕ ಕಾಯಿರಿ. ಬಾಲ ಹಿಡಿದೆತ್ತಬೇಡಿ: ಕೊಳವೆಯಲ್ಲೋ ಬೊಗಸೆಯಲ್ಲೋ ಎತ್ತಿದ ಇಲಿಗಳಿಗೆ ಆತಂಕ ಕಡಿಮೆ ಎಂದು 2010ರಲ್ಲೇ ಪ್ರಕಟವಾಗಿದೆ. ಸಿ3ಎಚ್, ಎಫ್‌ವಿಬಿ ತಳಿಗಳು ರೆಟಿನಾ ಕ್ಷಯಿಸಿ ಕುರುಡಾಗುವಂಥವು. ನಿಮ್ಮವು ಅವಲ್ಲ, ಆದರೂ ಬೆರಕೆಯಾಗಿದ್ದರೆ ಕಣ್ಣು ಪರೀಕ್ಷಿಸಿ.

ಬಿಳಿಬಾಲ:
ಎಣಿಸಿದೆ. ಮುಚ್ಚಿದ ತೋಳಿನ ಪ್ರವೇಶಗಳೂ ನಾಕ್‌ಔಟ್‌ಗಳಲ್ಲಿ ಹೆಚ್ಚು. ತೆರೆದದ್ದರ ಪಾಲಿನಲ್ಲಿ ವ್ಯತ್ಯಾಸ ಕಾಣುತ್ತಿಲ್ಲ.

ಸುಂಡಿಲಿ:
ಹಾಗಾದರೆ 'ಓಡಾಟ ಹೆಚ್ಚಿದೆ' ಎಂದು ಬರೆಯಿರಿ. ಆತಂಕದ ಮಾತು ಬೆಳಕು-ಕತ್ತಲೆ ಪೆಟ್ಟಿಗೆಯ ಫಲಿತಾಂಶ ಬಂದ ಮೇಲೆ.