ಅಪ್‌ಡೇಟ್: ಐದು ಹಿತ್ತಾಳೆ ವಾದ್ಯಗಳಿಗೆ ‘ಅಬೈಡ್ ವಿತ್ ಮಿ’

ವಿಲಿಯಂ ಹೆನ್ರಿ ಮಾಂಕ್ 1861ರಲ್ಲಿ ಸ್ವರ ಹಾಕಿದ ಈ ಕ್ರೈಸ್ತ ಸ್ತುತಿಗೀತೆಯ ನಾಲ್ಕು ಭಾಗಗಳನ್ನು (ಏಕಕಾಲಕ್ಕೆ ಹಾಡುವ ನಾಲ್ಕು ಕಂಠಗಳ ಸ್ವರಸಾಲುಗಳನ್ನು) ಎರಡು ಕಾರ್ನೆಟ್, ಟೆನರ್ ಹಾರ್ನ್, ಯೂಫೋನಿಯಂ, ಟ್ಯೂಬಾಗಳಿಗೆ ಹಂಚುವುದು ಹೇಗೆಂದು ಕೇಳಿದ್ದೆ. ಎಲ್ಲಕ್ಕಿಂತ ತಗ್ಗಿನ ಬೇಸ್ ಭಾಗವನ್ನು ಒಂದು ಸ್ಥಾಯಿ ಇಳಿಸಿ ಟ್ಯೂಬಾಗೆ ಕೊಡಿ ಎಂದ ಸಲಹೆ ಕೈಹಿಡಿಯಿತು. ಬಹಳ ಧನ್ಯವಾದಗಳು.

ಇದರಿಂದ ಯೂಫೋನಿಯಂಗೆ ಬಿಡುವಾಯಿತು. ಮೂರನೆಯ ಚರಣದಲ್ಲಿ ಮುಖ್ಯ ರಾಗವನ್ನು ಅದಕ್ಕೇ ವಹಿಸಿದೆ. ಮೊದಲ ಕಾರ್ನೆಟ್‌ನವರ ತುಟಿಗೆ ವಿಶ್ರಾಂತಿ. ಆ ಚರಣ ಎಷ್ಟು ತುಂಬಿ ಬಂತೆಂದರೆ, ನುಡಿಸುವವರೇ ಮತ್ತೊಮ್ಮೆ ಬೇಕೆಂದರು!

ಇ ಫ್ಲ್ಯಾಟ್ ಶ್ರುತಿಯನ್ನು ಬದಲಿಸಲಿಲ್ಲ. ಕಾರ್ನೆಟ್, ಹಾರ್ನ್‌ಗಳಲ್ಲಿ ಬರೆದ ಸ್ವರವೇ ಬೇರೆ, ಕೇಳುವ ಸ್ವರವೇ ಬೇರೆ; ಹಾಗಾಗಿ ಕಾರ್ನೆಟ್‌ಗೆ ಎಫ್, ಹಾರ್ನ್‌ಗೆ ಸಿ ಶ್ರುತಿಯಲ್ಲಿ ಬರೆದರೆ ಓದುವುದು ಸಲೀಸು.

ಉಳಿದದ್ದು ಉಸಿರು. ಆರ್ಗನ್‌ಗೆ ಅದರ ಚಿಂತೆಯಿಲ್ಲ, ಊದುವವರಿಗಿದೆ. ಸಾಲಿನ ಕೊನೆಯ ನಾಲ್ಕೆಣಿಕೆಯ ಸ್ವರವನ್ನು ಮೂರಕ್ಕಿಳಿಸಿದೆ. ಎರಡನೆಯ ಕಾರ್ನೆಟ್ ಮಾತ್ರ ಪೂರ್ತಿ ಹಿಡಿಯುವುದರಿಂದ ನಾದ ಕಡಿಯುವುದಿಲ್ಲ.