ಅಜ್ಜಿಯ ಪೆಟ್ಟಿಗೆಯ ಹತ್ತು ಕಾಸು: ಕೊಡುವುದಾ, ಇಟ್ಟುಕೊಳ್ಳುವುದಾ?

ಪೆರ್ಲದ ಹುಡುಗ: ಮಾಡು ರಿಪೇರಿಗೆ ಅಟ್ಟ ಖಾಲಿ ಮಾಡುವಾಗ ಅಜ್ಜಿಯ ಎಲೆಅಡಿಕೆ ಪೆಟ್ಟಿಗೆ ಸಿಕ್ಕಿತು. ಸುಣ್ಣದ ಡಬ್ಬಿ, ಅಡಕತ್ತರಿ, ತಳದಲ್ಲಿ ಹದಿನೇಳು ತಾಮ್ರದ ನಾಣ್ಯ. ಒಂದರಲ್ಲಿ ಎರಡು ಸಿಂಹ, 1808, ಹಿಂದೆ ಹತ್ತು ಕಾಸು ಅಂತ ಇಂಗ್ಲಿಷಿನಲ್ಲಿ. ಇನ್ನೊಂದರಲ್ಲಿ ರಾಮ, ಸೀತೆ, ಹನುಮಂತ. ಹಿಂಬದಿ ಈಸ್ಟ್ ಇಂಡಿಯಾ ಕಂಪೆನಿ, 1818. ರಾಮನದ್ದಕ್ಕೆ ಐದು ಲಕ್ಷ ಕೊಡುತ್ತೇನೆ, ಮೊದಲು ನೋಂದಣಿಗೆ 2,500 ಹಾಕಿ ಎಂದು ವಾಟ್ಸಾಪಿನಲ್ಲಿ ಒಬ್ಬ ಗಂಟುಬಿದ್ದಿದ್ದಾನೆ. ಹಾಕಲಾ?

ಮಂಜೇಶ್ವರದ ನಾಣ್ಯಪ್ರೇಮಿ: ಹಾಕಬೇಡ ಮಾರಾಯ! ಹಳೆ ನೋಟು, ನಾಣ್ಯದ ವ್ಯವಹಾರಕ್ಕೂ ತನಗೂ ಸಂಬಂಧವಿಲ್ಲ, ಕಮಿಷನ್ ಕೇಳುವುದೂ ಇಲ್ಲ ಎಂದು ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ. ಆ ರಾಮನ ನಾಣ್ಯ ಈಚಿನ ಟೋಕನ್, ಚಲಾವಣೆಯ ನಾಣ್ಯವೇ ಅಲ್ಲ. ಕಂಪೆನಿಯವರು ನಾಣ್ಯದಲ್ಲಿ ನಮ್ಮ ದೇವರನ್ನು ಹಾಕಿದವರೇ ಅಲ್ಲ.

ಉಪ್ಪಳದ ಭಾವ: ಅಷ್ಟು ಖಡಾಖಂಡಿತ ಬೇಡ ಮಾರಾಯರೇ. ಮದರಾಸಿನ ನಕ್ಷತ್ರ ವರಹ ಕಂಪೆನಿಯದ್ದೇ, ಅದರಲ್ಲಿ ವಿಷ್ಣು ಇದ್ದಾನೆ. ಚಿನ್ನದ್ದು. ರಾಮದರ್ಬಾರು ಮಾತ್ರ ನಕಲಿ, ಒಪ್ಪುತ್ತೇನೆ.

ಮಂಜೇಶ್ವರದ ನಾಣ್ಯಪ್ರೇಮಿ: ತಪ್ಪಾಯಿತು, ಸರಿ. ನಿನ್ನ ಹತ್ತು ಕಾಸು ಅಸಲಿ ಇರಬಹುದು ಹುಡುಗ. 1799ರ ನಂತರ ನಮ್ಮ ಕನ್ನಡ ಜಿಲ್ಲೆ ಮದರಾಸಿನ ಕೈಗೆ ಹೋಯಿತಲ್ಲ, ಆ ಪ್ರಾಂತ್ಯಕ್ಕಾಗಿ ಬರ್ಮಿಂಗ್‌ಹ್ಯಾಮಿನ ಸೋಹೋ ಟಂಕಸಾಲೆಯಲ್ಲಿ ಒತ್ತಿಸಿದ್ದು. ಆದರೆ ಇನ್ನೂರು ವರ್ಷವಾಯಿತು ಅಂತ ಲಕ್ಷ ಬರುವುದಿಲ್ಲ. 1809ರ ಜನವರಿಯಲ್ಲಿ ಇಂಥದ್ದೇ ನಾಣ್ಯ ಹೊತ್ತು ಮದರಾಸಿಗೆ ಹೊರಟ ಅಡ್ಮಿರಲ್ ಗಾರ್ಡ್ನರ್ ಹಡಗು ಇಂಗ್ಲೆಂಡಿನ ಗುಡ್ವಿನ್ ಮರಳದಿಣ್ಣೆಯಲ್ಲಿ ಮುಳುಗಿತು. 1980ರ ದಶಕದಲ್ಲಿ ಆ ನಾಣ್ಯಗಳನ್ನು ರಾಶಿರಾಶಿ ಮೇಲೆತ್ತಿದರು. ಪೇಟೆಯಲ್ಲಿ ಈಗ ಬೇಕಾದಷ್ಟಿದೆ. ತೊಳೆದಿಲ್ಲ ತಾನೆ?

ಪೆರ್ಲದ ಹುಡುಗ: ಹುಳಿ ಹಾಕಿ ತಿಕ್ಕಿದೆ ಅಣ್ಣಾ. ಈಗ ಪಳಪಳ ಹೊಳೆಯುತ್ತದೆ.

ಮಂಜೇಶ್ವರದ ನಾಣ್ಯಪ್ರೇಮಿ: ಅಯ್ಯೋ! ಆ ಕಂದು ಬಣ್ಣಕ್ಕೇ ಬೆಲೆ ಇದ್ದದ್ದು.

ಬದಿಯಡ್ಕದ ಟೀಚರ್: ಬೆಲೆಯ ಮಾತು ಸಾಕು. ಹಡಗಿನದ್ದು ಒಂದು ದಿನವೂ ಸಂತೆ ಕಂಡದ್ದಲ್ಲ. ಇವನ ಅಜ್ಜಿಯದ್ದು ತೇಯ್ದಿದೆ ಅಂದರೆ ಯಾರದೋ ಸೊಂಟದ ಚೀಲದಲ್ಲಿ ಓಡಾಡಿ ಉಪ್ಪೋ ಹೊಗೆಸೊಪ್ಪೋ ತಂದಿದೆ. ನಿಮ್ಮ ಲೆಕ್ಕದಲ್ಲಿ ತೇಯ್ದದ್ದು ಅಗ್ಗ, ನನ್ನ ಲೆಕ್ಕದಲ್ಲಿ ಅದೇ ಹೆಚ್ಚು. ನಮ್ಮ ಅಜ್ಜನ ಮನೆಯ ಕಂಚಿನ ತೂಗುದೀಪ ಕಿಲೋ ಲೆಕ್ಕದಲ್ಲಿ ಹೋಯಿತು. ಮೂರು ವರ್ಷ ಕಳೆದು ಒಂದು ರೆಸಾರ್ಟಿನ ಕೌಂಟರಿನ ಮೇಲೆ ನೇತಾಡುತ್ತಿತ್ತು. ಸರಪಳಿಯ ನಾಲ್ಕನೇ ಕೊಂಡಿಗೆ ಅಜ್ಜ ತಂತಿ ಸುತ್ತಿದ್ದರು. ತಂತಿ ಹಾಗೇ ಇತ್ತು.

ಹಳೆ ಸಾಮಾನು ವ್ಯಾಪಾರಿ, ಕಾಸರಗೋಡು: ಟೀಚರೇ, ಕಿಲೋಗೆ ಕೊಟ್ಟವರು ಯಾರು, ನಾವಾ? ತೂಕದ ಕಲ್ಲು ಇಡುವಾಗ ಯಾರೂ ಅಜ್ಜನ ಹೆಸರು ಹೇಳುವುದಿಲ್ಲ. ಮಕ್ಕಳೆಲ್ಲ ಬೆಂಗಳೂರು, ದುಬೈ. ನಾವು ತೆಗೆದುಕೊಳ್ಳದಿದ್ದರೆ ಆ ದೀಪ ಕರಗಿ ನಲ್ಲಿಯಾಗುತ್ತಿತ್ತು.

ಬದಿಯಡ್ಕದ ಟೀಚರ್: ಕೊಟ್ಟದ್ದು ನಮ್ಮ ಮಾವನೇ. ಅದಕ್ಕೇ ಹೊಟ್ಟೆ ಉರಿಯುವುದು.

ಉಪ್ಪಳದ ಭಾವ: ದುಬೈ ಅಂದಾಗ ನೆನಪಾಯಿತು. ನೂರು ವರ್ಷ ದಾಟಿದ ನಾಣ್ಯವನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಹೋಗಬೇಡಿ, 1972ರ ಪುರಾವಸ್ತು ಕಾಯ್ದೆ ಪ್ರಕಾರ ದೇಶದ ಹೊರಗೆ ಒಯ್ಯುವಂತಿಲ್ಲ. ಹಿತ್ತಲು ಅಗೆಯುವಾಗ ಕೊಡ ತುಂಬ ಸಿಕ್ಕಿದರೆ ಅದು ಬೇರೆಯೇ ಕತೆ, ಸೀದಾ ಜಿಲ್ಲಾಧಿಕಾರಿಗೆ ತಿಳಿಸಬೇಕು.

ಪೆರ್ಲದ ಹುಡುಗ: ನೋಂದಣಿಯವನನ್ನು ಬ್ಲಾಕ್ ಮಾಡಿದೆ. ಹತ್ತು ಕಾಸು ಇಲ್ಲೇ ಇರುತ್ತದೆ. ಅಮ್ಮ ಈಗ ಹೇಳಿದರು, ರಾಮನ ನಾಣ್ಯ ಅಜ್ಜಿಯದ್ದೇ ಅಲ್ಲವಂತೆ. ಅಪ್ಪ ಯಾವುದೋ ಜಾತ್ರೆಯಿಂದ ಇಪ್ಪತ್ತು ರೂಪಾಯಿಗೆ ತಂದು ಪೆಟ್ಟಿಗೆಗೆ ಹಾಕಿದ್ದು! ಉಳಿದದ್ದನ್ನು ಪ್ಲಾಸ್ಟಿಕ್ ಲಕೋಟೆಯಲ್ಲಿ ಇಡಬಹುದಾ?

ಮಂಜೇಶ್ವರದ ನಾಣ್ಯಪ್ರೇಮಿ: ಮೆತ್ತಗಿನ ಪಿವಿಸಿ ಪ್ಲಾಸ್ಟಿಕ್ ಬೇಡ, ಹಸಿರು ಅಂಟು ಹಿಡಿಯುತ್ತದೆ. ನಮ್ಮ ಮಳೆಗಾಲಕ್ಕಂತೂ ಬೇಡವೇ ಬೇಡ. ಒಂದೊಂದನ್ನೂ ಬೇರೆಬೇರೆ ಕಾಗದದ ಲಕೋಟೆಗೆ ಹಾಕಿ, ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡು. ಹುಳಿ ಮುಟ್ಟಬೇಡ.