ಮ್ಯಾಗ್ನೆಟ್ ತಳ್ಳಿದರೂ ಸುರುಳಿ ತಳ್ಳಿದರೂ ಮುಳ್ಳು ಅಷ್ಟೇ ವಾಲುತ್ತದೆ, ಯಾಕೆ?

ಉಡುಪಿ ಟೀಚರ್: ನಾನು ಉಡುಪಿಯಲ್ಲಿ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುತ್ತೇನೆ. ಮೊನ್ನೆ ಲ್ಯಾಬ್‌ನಲ್ಲಿ ತಂತಿಯ ಸುರುಳಿಯೊಳಗೆ ಮ್ಯಾಗ್ನೆಟ್ ತಳ್ಳಿದೆವು. ಸುರುಳಿಯ ಕರೆಂಟ್ ತೋರಿಸುವ ಗ್ಯಾಲ್ವನೋಮೀಟರ್ ಮುಳ್ಳು ವಾಲಿತು. ಆಮೇಲೆ ಮ್ಯಾಗ್ನೆಟ್ ಅಲುಗಿಸದೆ ಸುರುಳಿಯನ್ನೇ ಅದೇ ವೇಗದಲ್ಲಿ ತಂದೆವು. ಮುಳ್ಳು ಮತ್ತೆ ಅಷ್ಟೇ ವಾಲಿತು. ಒಬ್ಬ ಹುಡುಗಿ ಕೇಳಿದಳು: "ಮೇಡಂ, ಮೊದಲ ಸಲ ಕಾಂತಕ್ಷೇತ್ರ ಬದಲಾಗಿ ವಿದ್ಯುತ್ ಕ್ಷೇತ್ರ ಹುಟ್ಟಿತು ಅಂದ್ರಿ. ಎರಡನೇ ಸಲ ಓಡುವ ಎಲೆಕ್ಟ್ರಾನಿಗೆ ಕಾಂತಬಲ ಅಂದ್ರಿ. ಯಾವುದು ನಿಜ?" ಅವಳಿಗೆ ಏನು ಹೇಳಲಿ?

ಮಂಗಳೂರಿನ ಹಳೇ ಮೇಷ್ಟ್ರು: ಮೊದಲು ಅವಳಿಗೆ ಶಾಭಾಶ್ ಹೇಳಿ ಮೇಡಂ. ಐನ್‌ಸ್ಟೈನ್ 1905ರ ಸಾಪೇಕ್ಷತೆಯ ಲೇಖನ ಶುರು ಮಾಡಿದ್ದೇ ಈ ಮ್ಯಾಗ್ನೆಟ್ ಮತ್ತು ತಂತಿಯಿಂದ. ಎರಡೂ ನಿಜ. ಸುರುಳಿಯ ಜೊತೆ ಇರುವವರಿಗೆ ಅಲ್ಲಿ ವಿದ್ಯುತ್ ಕ್ಷೇತ್ರವೂ ಇದೆ. ಮ್ಯಾಗ್ನೆಟ್ ಜೊತೆ ಇರುವವರಿಗೆ ಬರೀ ಕಾಂತಕ್ಷೇತ್ರ. ಯಾವುದು ಓಡಿದರೂ ಎರಡರ ನಡುವಿನ ವೇಗ ಒಂದೇ, ಅದಕ್ಕೇ ಮುಳ್ಳು ಅಷ್ಟೇ ವಾಲುತ್ತದೆ.

ನಾನು ಕ್ಲಾಸಿನಲ್ಲಿ ನಮ್ಮ ಉಡುಪಿ ಎಕ್ಸ್‌ಪ್ರೆಸ್ ಬಸ್ಸಿನ ಉದಾಹರಣೆ ಕೊಡುತ್ತಿದ್ದೆ. ಬಸ್ಸಿನಲ್ಲಿ ಕೂತವರ ಮಡಿಲಲ್ಲಿ ಬಟ್ಟೆಗೆ ಉಜ್ಜಿದ ಬಲೂನ್. ಅವರ ಪಾಲಿಗೆ ಬಲೂನಿನ ಮೇಲಿನ ವಿದ್ಯುತ್ ಆವೇಶ (ಚಾರ್ಜ್) ಸುಮ್ನೆ ಕೂತಿದೆ, ಅದರ ವಿದ್ಯುತ್ ಕ್ಷೇತ್ರ ಮಾತ್ರ ಉಂಟು. ಪಡುಬಿದ್ರಿಯಲ್ಲಿ ರಸ್ತೆ ಬದಿ ನಿಂತವರಿಗೆ ಅದೇ ಆವೇಶ ಓಡುತ್ತಿದೆ. ಓಡುವ ಆವೇಶ ಅಂದರೆ ಕರೆಂಟ್ ಅಲ್ವಾ? ಅವರಿಗೆ ಕಾಂತಕ್ಷೇತ್ರವೂ ಉಂಟು. ಆದರೆ ತೀರಾ ಸಣ್ಣದು. ಬಸ್ಸಿನ ವೇಗ ಗಂಟೆಗೆ 60 ಕಿ.ಮೀ., ವಿದ್ಯುತ್ ಕ್ಷೇತ್ರ ಮೀಟರಿಗೆ 1 ಲಕ್ಷ ವೋಲ್ಟ್ ಎಂದು ಹಿಡಿದರೂ, ಭೂಮಿಯ ಕಾಂತಕ್ಷೇತ್ರದ ಸುಮಾರು 20 ಲಕ್ಷದಲ್ಲಿ ಒಂದು ಪಾಲು.

ಸುರತ್ಕಲ್ ಹುಡುಗ: ಹಾಗಾದರೆ ಕರೆಂಟ್ ಹರಿಯುವ ತಂತಿಯ ಹತ್ತಿರ ದಿಕ್ಸೂಚಿ ಹೇಗೆ ತಿರುಗುತ್ತದೆ ಸರ್? ಅಲ್ಲಿ ಎಲೆಕ್ಟ್ರಾನ್ ಬಸ್ಸಿಗಿಂತ ನಿಧಾನ.

ಮಂಗಳೂರಿನ ಹಳೇ ಮೇಷ್ಟ್ರು: ಬಹಳ ನಿಧಾನ ಮಾರಾಯ್ರೆ! 1 ಚದರ ಮಿ.ಮೀ. ತಾಮ್ರದ ತಂತಿಯಲ್ಲಿ 1 ಆಂಪಿಯರ್ ಹರಿದರೆ, ಅವು ಸೆಕೆಂಡಿಗೆ 0.1 ಮಿ.ಮೀ. ಕೂಡ ಮುಂದೆ ಹೋಗುವುದಿಲ್ಲ. ಆದರೆ ಒಂದು ಘನ ಮಿ.ಮೀ. ತಾಮ್ರದಲ್ಲೇ ಅಂಥವು 8ರ ಮುಂದೆ 19 ಸೊನ್ನೆ ಹಾಕಿದಷ್ಟು ಜಾಸ್ತಿ ಇವೆ. ಅಷ್ಟೇ ಧನ ಆವೇಶವೂ ಅಲ್ಲೇ ಇದ್ದು ವಿದ್ಯುತ್ ಕ್ಷೇತ್ರವನ್ನು ಅಳಿಸುತ್ತದೆ. ಉಳಿಯುವುದು ಕಾಂತಕ್ಷೇತ್ರ, ಅದೇ ಮುಳ್ಳನ್ನು ತಿರುಗಿಸುತ್ತದೆ.

ಒಂದು ಮಾತು. ಕಾಂತಕ್ಷೇತ್ರ ಬರೀ ಭ್ರಮೆ ಅಂತ ಮಕ್ಕಳಿಗೆ ಹೇಳಬೇಡಿ. ಬಲೂನಿನ ಕಾಂತಕ್ಷೇತ್ರ ಬಸ್ ಹತ್ತಿದರೆ ಇಲ್ಲವಾಗುತ್ತದೆ. ಈ ತಂತಿಯದು ನೀವು ಎಷ್ಟು ವೇಗವಾಗಿ ಹೋದರೂ ಸೊನ್ನೆ ಆಗುವುದಿಲ್ಲ.

ಉಡುಪಿ ಟೀಚರ್: ತುಂಬಾ ಥ್ಯಾಂಕ್ಸ್ ಸರ್. ನಾಳೆ ಅವಳ ಕೈಗೆ ಮ್ಯಾಗ್ನೆಟ್, ಗೆಳತಿಯ ಕೈಗೆ ಸುರುಳಿ ಕೊಟ್ಟು ಇಬ್ಬರನ್ನೂ ಒಂದೇ ಹೆಜ್ಜೆಯಲ್ಲಿ ಲ್ಯಾಬ್ ಉದ್ದಕ್ಕೂ ನಡೆಸುತ್ತೇನೆ. ಮುಳ್ಳು ಅಲುಗದೆ ನಿಂತದ್ದನ್ನು ಅವಳೇ ನೋಡಲಿ.